ಹೊಸ ನಗರದಲ್ಲಿ ಬಿಡಾರ ಹೂಡುವುದೆಲ್ಲಿ?

ಪ್ರತಿ ವರ್ಷವೂ ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ಮೇಲೆ ನಾಡಿನ ನಾನಾ ಮೂಲೆಗಳಿಂದ ಸಾವಿರಾರು ಮಂದಿ ತರುಣ ತರುಣಿಯರು ಬೆಂಗಳೂರಿಗೆ ಬರುತ್ತಾರೆ. ಕೆಲವರು ಕಾಲೇಜಿಗಾಗಿ, ಕೆಲವರು ಉದ್ಯೋಗಕ್ಕಾಗಿ. ಕೆಲವರ ಹಿಂದೆ ಇಡೀ ಸಂಸಾರವೇ ಗಂಟುಮೂಟೆ ಕಟ್ಟಿಕೊಂಡು ಹೊರಟು ಬರುವುದೂ ಉಂಟು. ಬಂದವರು ಮೊದಲು ಕೇಳುವ ಪ್ರಶ್ನೆ ಬಾಡಿಗೆ ಎಷ್ಟು ಎಂಬುದು. ಎರಡನೆಯದು ಕೋಣೆಗಳೆಷ್ಟು, ಅಡಿಗೆಮನೆ ಹೇಗಿದೆ ಎಂಬುದು. ಇವು ಸಹಜವಾದ ಪ್ರಶ್ನೆಗಳೇ. ಆದರೆ ಗೋಡೆಗೆ ಸುಣ್ಣ ಬಳಿಸಬಹುದು, ಮುರಿದ ಕಿಟಕಿಯನ್ನು ಸರಿಪಡಿಸಬಹುದು. ಮನೆ ನಿಂತಿರುವ ಜಾಗವನ್ನು ಮಾತ್ರ ಯಾರೂ ಬದಲಾಯಿಸಲಾರರು. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು, ಜಡಿಮಳೆಯ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದೆ, ಬೇಸಗೆಯಲ್ಲಿ ನಲ್ಲಿ ತಿರುಗಿಸಿದಾಗ ನೀರು ಬರುವುದೆ, ಇವೆಲ್ಲವೂ ಜಾಗವನ್ನು ಹೊಂದಿಕೊಂಡಿರುವ ಸಂಗತಿಗಳು. ಜಾಗದ ಈ ಗುಣಗಳನ್ನು ಅಳೆದು ನೋಡಲು ಸಾಧ್ಯವಿದೆ. ಅದಕ್ಕೆ ಬೇಕಾದುದು ಪ್ರೌಢಶಾಲೆಯಲ್ಲಿ ಕಲಿತ ಗಣಿತ ಮತ್ತು ಭೂಗೋಳ, ಅಷ್ಟೆ.

ವಾಸಕ್ಕೆ ನೆಲವನ್ನು ಆರಿಸುವ ವಿಚಾರ ಬೆಂಗಳೂರಿಗೆ ಹೊಸದೇನೂ ಅಲ್ಲ. 1898ರಲ್ಲಿ ಈ ಊರಿಗೆ ಪ್ಲೇಗು ಬಂದಿತು. ಹಳೆಯ ಪೇಟೆಯ ಕತ್ತಲೆ ತುಂಬಿದ, ಒತ್ತೊತ್ತಾದ ಮನೆಗಳಲ್ಲಿ ಅದು ಬೇಗ ಹರಡಿತು. ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳುಳ್ಳ ಬಡಾವಣೆಗಳಾಗಿ ರೂಪುಗೊಂಡದ್ದು ಆ ಕಾಲದಲ್ಲಿಯೇ. ಇಲಿಯ ಮೈಮೇಲಿನ ಚಿಗಟ ಈ ರೋಗವನ್ನು ಹರಡುತ್ತದೆಂದು ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ತೋರಿಸಿಕೊಟ್ಟದ್ದೂ ಅದೇ 1898ರಲ್ಲಿ. ಆದರೆ ವೈದ್ಯಲೋಕವು ಅದನ್ನು ಒಪ್ಪಿಕೊಳ್ಳಲು ಮತ್ತೆ ಕೆಲವು ವರ್ಷಗಳು ಹಿಡಿದುವು. ಗಾಳಿ ಬೆಳಕುಗಳಿಗೆ ಎಡೆ ಬಿಟ್ಟು ಮನೆಗಳನ್ನು ದೂರ ದೂರ ಕಟ್ಟಿಸಿದವರಿಗೆ ಚಿಗಟದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಆದರೂ ಅವರು ಹಾಕಿದ ಲೆಕ್ಕ ಸರಿಯಾಗಿಯೇ ಇತ್ತು.

ಮೈಲಿಯಲ್ಲ, ನಿಮಿಷ

ಊರಿನ ಭೂಪಟವನ್ನು ಮುಂದಿಟ್ಟುಕೊಂಡು ಕಾಲೇಜಿನಿಂದ ಮನೆಗೆ ಎಷ್ಟು ಕಿಲೋಮೀಟರ್ ಎಂದು ಅಳೆಯುವುದು ವಾಡಿಕೆ. ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಮನುಷ್ಯನು ದಿನವೂ ವ್ಯಯಮಾಡುವುದು ದೂರವನ್ನಲ್ಲ, ಕಾಲವನ್ನು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಎಂಬಾತನು 1994ರಲ್ಲಿ ಒಂದು ಕುತೂಹಲಕರವಾದ ವಿಚಾರವನ್ನು ಮಂಡಿಸಿದನು. ಯಾವ ಕಾಲದಲ್ಲಿಯೇ ಆಗಲಿ, ಯಾವ ವಾಹನವೇ ಇರಲಿ, ಜನರು ದಿನಕ್ಕೆ ಸರಾಸರಿ ಒಂದು ಗಂಟೆಯ ಕಾಲವನ್ನು ಓಡಾಟಕ್ಕೆ ಕೊಡುತ್ತಾರೆಂದು ಆತನ ಮತ. ಕಾಲ್ನಡಿಗೆಯ ವೇಗ ಗಂಟೆಗೆ 5 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಅಂದರೆ ಮನೆಯಿಂದ ಎರಡೂವರೆ ಕಿಲೋಮೀಟರ್ ದೂರದವರೆಗೆ ಹೋಗಿ ಬರಬಹುದು. ಕೋಟೆಯೊಳಗಿನ ಹಳೆಯ ಪಟ್ಟಣಗಳು ಅನೇಕವು ಈ ಅಳತೆಯನ್ನು ಮೀರಿ ಬೆಳೆದಿರಲಿಲ್ಲ. ಕೆಂಪೇಗೌಡನು 1537ರಲ್ಲಿ ನೆಲೆಗೊಳಿಸಿದನೆಂದು ಹೇಳುವ ಪೇಟೆಯನ್ನೇ ನೋಡಿ: ಅದರ ಉತ್ತರದ ಬಾಗಿಲಿನಿಂದ ದಕ್ಷಿಣದ ಕೋಟೆಯವರೆಗೆ ಇಂದಿಗೂ ಅರ್ಧ ಗಂಟೆಯಲ್ಲಿ ನಡೆದು ಹೋಗಬಹುದು, ಅಂಗಡಿಗಳ ಮುಂದೆ ನಿಲ್ಲದಿದ್ದರೆ! ಮಾರ್ಕೆಟ್ಟಿಯ ಒಂದು ಗಂಟೆಯನ್ನು ಪ್ರಕೃತಿಯ ನಿಯಮವೆಂದು ಭಾವಿಸಬೇಕಾಗಿಲ್ಲ. ಸರಾಸರಿ ಒಂದು ಗಂಟೆ ಎಂದರೆ ಕೆಲವರಿಗೆ ಮೂರು ಗಂಟೆ ಎಂದೂ ಅರ್ಥವಾಗುತ್ತದೆ. ಆ ಕೆಲವರಲ್ಲಿ ನಾವು ಸೇರುವೆವೆ ಎಂಬುದೇ ಇಲ್ಲಿನ ಪ್ರಶ್ನೆ.

ರಸ್ತೆಯ ಮೇಲಿನ ಕಾಲವನ್ನು ಅಳೆಯುವುದರಲ್ಲಿ ಒಂದು ತೊಡಕುಂಟು. ಮನೆ ಹುಡುಕುವವರು ಸಾಮಾನ್ಯವಾಗಿ ಭಾನುವಾರ ಹೋಗುತ್ತಾರೆ. ಅಂದು ರಸ್ತೆ ಖಾಲಿ. ಅರ್ಧ ಗಂಟೆಯಲ್ಲಿ ಬಂದೆವಲ್ಲ ಎಂದು ಸಂತೋಷಪಟ್ಟು ಮುಂಗಡ ಹಣವನ್ನು ಕೊಟ್ಟುಬಿಡುತ್ತಾರೆ. ವಾಹನಗಳ ಸಂಖ್ಯೆ ಎರಡರಷ್ಟಾದರೆ ತಡವೂ ಎರಡರಷ್ಟಾಗುತ್ತದೆ ಎಂದು ಎಣಿಸಿದರೆ ತಪ್ಪಾದೀತು. ಅಮೆರಿಕದ ಸಾರ್ವಜನಿಕ ರಸ್ತೆಗಳ ಇಲಾಖೆಯು 1964ರಲ್ಲಿ ಕೊಟ್ಟ, ಇಂದಿಗೂ ಎಂಜಿನಿಯರುಗಳು ಬಳಸುವ ಒಂದು ಸೂತ್ರವನ್ನು ಇಲ್ಲಿ ನೋಡೋಣ. ರಸ್ತೆಗೆ ಬರುವ ವಾಹನಗಳ ಸಂಖ್ಯೆಯನ್ನು ಅದು ಹೊರಬಲ್ಲ ಸಂಖ್ಯೆಯಿಂದ ಭಾಗಿಸಬೇಕು. ಬಂದ ಭಾಗಲಬ್ಧವನ್ನು ನಾಲ್ಕನೆಯ ಘಾತಕ್ಕೆ ಏರಿಸಿ 0.15ರಿಂದ ಗುಣಿಸಬೇಕು. ಖಾಲಿ ರಸ್ತೆಯಲ್ಲಿ ಹಿಡಿಯುವ ಕಾಲದ ಅಷ್ಟು ಭಾಗವೇ ಹೆಚ್ಚಾಗಿ ತಗಲುವ ಕಾಲ. ರಸ್ತೆ ತನ್ನ ಸಾಮರ್ಥ್ಯದಷ್ಟೇ ವಾಹನಗಳನ್ನು ಹೊತ್ತಾಗ 30 ನಿಮಿಷದ ಹಾದಿಗೆ ಸುಮಾರು 35 ನಿಮಿಷ ಸಾಕು. ಒಂದೂವರೆಯಷ್ಟು ವಾಹನಗಳು ಬಂದರೆ 53 ನಿಮಿಷ. ಎರಡರಷ್ಟು ಬಂದರೆ 102 ನಿಮಿಷ! ನಾಲ್ಕನೆಯ ಘಾತದ ಪ್ರತಾಪ ಇದು. ಆದುದರಿಂದ ಮನೆ ನೋಡಲು ಸೋಮವಾರ ಬೆಳಿಗ್ಗೆ, ಕಾಲೇಜಿಗೋ ಕಚೇರಿಗೋ ಹೊರಡುವ ಹೊತ್ತಿನಲ್ಲಿಯೇ, ಅದೇ ದಾರಿಯಲ್ಲಿ ಹೋಗಿಬರಬೇಕು.

ಸರಾಸರಿಯೊಂದನ್ನೇ ನಂಬುವಂತೆಯೂ ಇಲ್ಲ. ಹತ್ತು ದಿನಗಳಲ್ಲಿ ಎಂಟು ದಿನ 50 ನಿಮಿಷವೂ ಎರಡು ದಿನ 90 ನಿಮಿಷವೂ ಹಿಡಿದರೆ ಸರಾಸರಿ 58 ನಿಮಿಷ. ಆದರೆ 58 ನಿಮಿಷ ಮುಂಚಿತವಾಗಿ ಮನೆ ಬಿಡುವ ವಿದ್ಯಾರ್ಥಿಯು ಹತ್ತರಲ್ಲಿ ಎರಡು ದಿನ ಅರ್ಧ ಗಂಟೆಗಿಂತ ಹೆಚ್ಚು ತಡವಾಗಿ ತರಗತಿಗೆ ಬರುತ್ತಾನೆ. ಪರೀಕ್ಷೆಯ ದಿನ ಅವನು 90 ನಿಮಿಷವನ್ನೇ ಎಣಿಸಬೇಕು. ಸರಾಸರಿಯಷ್ಟೇ ಮುಖ್ಯವಾದುದು ಕಾಲದ ಏರುಪೇರು. ರೈಲಿನ ಹಿರಿಮೆ ಇರುವುದು ಇಲ್ಲಿ. ಅದಕ್ಕೆ ತನ್ನದೇ ಆದ ಹಾದಿಯುಂಟು. ಬೆಂಗಳೂರಿನ ಮೆಟ್ರೊ 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಓಡಲಾರಂಭಿಸಿತು; 2023ರಲ್ಲಿ ಅದೇ ಮಾರ್ಗ ಪೂರ್ವದ ವೈಟ್‌ಫೀಲ್ಡಿನಿಂದ ಪಶ್ಚಿಮದ ಚಲ್ಲಘಟ್ಟದವರೆಗೆ ಪೂರ್ಣಗೊಂಡಿತು. ನಿಲ್ದಾಣಕ್ಕೆ ಒಂದು ಕಿಲೋಮೀಟರ್ ನಡಿಗೆ ಎಂದರೆ 12 ನಿಮಿಷ. ಈ 12 ನಿಮಿಷ ಮಾತ್ರ ಎಂದೂ 40 ಆಗುವುದಿಲ್ಲ. ಆದರೆ ಒಂದು ಮಾತು: ರೈಲು ಈಗಾಗಲೇ ನಿಲ್ಲುವ ನಿಲ್ದಾಣವನ್ನು ಲೆಕ್ಕಕ್ಕೆ ಹಿಡಿಯಬೇಕೇ ಹೊರತು, ಬರಲಿದೆ ಎಂದು ಮನೆಯ ಮಾಲಿಕರು ಹೇಳುವ ನಿಲ್ದಾಣವನ್ನಲ್ಲ.

ಬಾಡಿಗೆಯ ಹಿಂದಿನ ಗಣಿತ

ಊರ ನಡುವೆ ಬಾಡಿಗೆ ಹೆಚ್ಚು, ಹೊರವಲಯದಲ್ಲಿ ಕಡಮೆ. ಕಾರಣವೇನು? 1826ರಷ್ಟು ಹಿಂದೆಯೇ ಜರ್ಮನಿಯ ಜಮೀನುದಾರ ಯೋಹಾನ್ ಹೈನ್ರಿಕ್ ಫಾನ್ ಥ್ಯೂನೆನ್ ಇದಕ್ಕೆ ಉತ್ತರ ಕೊಟ್ಟಿದ್ದನು. ಸಮತಟ್ಟಾದ ಬಯಲಿನ ನಡುವೆ ಒಂದೇ ಒಂದು ಪಟ್ಟಣವಿದೆಯೆಂದು ಕಲ್ಪಿಸಿಕೊಂಡು, ಬೆಳೆಯನ್ನು ಸಂತೆಗೆ ಸಾಗಿಸುವ ಖರ್ಚು ಎಷ್ಟು ಉಳಿಯುವುದೋ ಅಷ್ಟು ಗೇಣಿ ಹತ್ತಿರದ ಹೊಲಕ್ಕೆ ಹೆಚ್ಚುತ್ತದೆಂದು ಆತನು ತೋರಿಸಿದನು. ಅದೇ ತರ್ಕವನ್ನು ವಿಲಿಯಂ ಅಲಾನ್ಸೊ ಎಂಬ ವಿದ್ವಾಂಸನು 1964ರಲ್ಲಿ ನಗರದ ಮನೆಗಳಿಗೆ ಅನ್ವಯಿಸಿದನು. ಇಲ್ಲಿ ಸಂತೆಗೆ ಹೋಗುವ ಸರಕು ಮನುಷ್ಯನೇ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಕೆಲಸದ ಜಾಗಕ್ಕೆ 20 ನಿಮಿಷ ದೂರದ ಮನೆಗೆ ತಿಂಗಳಿಗೆ 14,000 ರೂಪಾಯಿ, 80 ನಿಮಿಷ ದೂರದ ಅಂಥದೇ ಮನೆಗೆ 8,000 ರೂಪಾಯಿ ಎಂದಿರಲಿ. ಉಳಿತಾಯ 6,000. ದೂರದ ಮನೆಯಿಂದ ಓಡಾಡಲು ತಿಂಗಳಿಗೆ 1,000 ರೂಪಾಯಿ ಹೆಚ್ಚು ಖರ್ಚಾದರೆ ಕೈಯಲ್ಲಿ ಉಳಿಯುವುದು 5,000. ಇದಕ್ಕೆ ಪ್ರತಿಯಾಗಿ ದಿನಕ್ಕೆ ಎರಡು ಗಂಟೆ, 25 ದಿನಗಳಿಗೆ 50 ಗಂಟೆ ಹೆಚ್ಚಾಗಿ ರಸ್ತೆಯಲ್ಲಿ ಕಳೆಯಬೇಕು. ಎಂದರೆ ನಮ್ಮ ಒಂದೊಂದು ಗಂಟೆಯನ್ನೂ 100 ರೂಪಾಯಿಗೆ ಮಾರಿದಂತಾಯಿತು. ಆ ಮನೆಯಿಂದ ಇಬ್ಬರು ಅದೇ ಕಡೆಗೆ ದುಡಿಯಲು ಹೋಗುವವರಾದರೆ ಗಂಟೆಯ ಬೆಲೆ 40 ರೂಪಾಯಿಗೆ ಇಳಿಯುತ್ತದೆ, ಏಕೆಂದರೆ ಪ್ರಯಾಣದ ಖರ್ಚೂ ಗಂಟೆಗಳೂ ಇಮ್ಮಡಿಯಾಗುತ್ತವೆ. ಬಾಡಿಗೆಯ ಉಳಿತಾಯ ಮಾತ್ರ ಅಷ್ಟೇ ಇರುತ್ತದೆ. ಇದು ಲಾಭವೋ ನಷ್ಟವೋ ಎಂಬುದನ್ನು ಅವರವರೇ ತೀರ್ಮಾನಿಸಬೇಕು. ತಿಂಗಳ ಕೊನೆಯಲ್ಲಿ 5,000 ರೂಪಾಯಿ ಕೈಗೆ ಬಾರದಿದ್ದರೆ ಊರಿನಲ್ಲಿರುವ ತಂಗಿಯ ಶಾಲೆಯ ಶುಲ್ಕ ಕಟ್ಟಲಾಗದು ಎನ್ನುವವನಿಗೆ ದೂರದ ಮನೆಯೇ ಸರಿಯಾದೀತು. ಲೆಕ್ಕ ಮಾಡದೆಯೇ ಮಾರುವುದು ಮಾತ್ರ ಸರಿಯಲ್ಲ.

ಈ ತರ್ಕದಿಂದ ಇನ್ನೊಂದು ಉಪಯೋಗವಿದೆ. ದೂರ ಹೆಚ್ಚಾಗಿಲ್ಲ, ಮನೆಯೂ ಹೊಸದು, ಆದರೂ ಬಾಡಿಗೆ ನೆರೆಯ ಬೀದಿಗಿಂತ ಬಹಳ ಕಡಮೆ ಎಂದರೆ ಅಲ್ಲಿ ಬೇರೇನೋ ಕೊರತೆ ಅಡಗಿರಬೇಕೆಂದು ಊಹಿಸಬಹುದು. ಇದರ ವಿಲೋಮ ಮಾತ್ರ ನಿಜವಲ್ಲ. ಬಾಡಿಗೆ ಹೆಚ್ಚೆಂದ ಮಾತ್ರಕ್ಕೆ ಕೊರತೆಯಿಲ್ಲವೆಂದು ತಿಳಿಯಬಾರದು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಒಂದೇ ದಿನ ಸುಮಾರು 130 ಮಿಲಿಮೀಟರ್ ಮಳೆ ಸುರಿದಾಗ, ಪೂರ್ವ ಭಾಗದ ಕೆಲವು ಅತ್ಯಂತ ಬೆಲೆಬಾಳುವ ಬಡಾವಣೆಗಳಿಂದಲೇ ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಕರೆತರಬೇಕಾಯಿತು. ಮಾರುವವನಿಗೂ ಕೊಳ್ಳುವವನಿಗೂ ತಿಳಿಯದ ಸಂಗತಿಯನ್ನು ಬೆಲೆಯು ಹೇಳಲಾರದು. ಅವರಿಬ್ಬರೂ ನೋಡದೆ ಬಿಟ್ಟದ್ದು ನೆಲದ ಏರು ತಗ್ಗುಗಳನ್ನು.

ಮಳೆಯ ಹನಿ ಯಾವ ನದಿಗೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೇಲ್ನೋಟಕ್ಕೆ ಸಪಾಟಾದ ಊರು. ಆದರೆ ಅದು ನಿಂತಿರುವುದು ಉತ್ತರದಿಂದ ದಕ್ಷಿಣಕ್ಕೆ ಹಬ್ಬಿದ ಒಂದು ದಿಬ್ಬದ ಬೆನ್ನಿನ ಮೇಲೆ. ಈ ಬೆನ್ನಿನ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿಯ ಕಣಿವೆಯಲ್ಲಿ ಹರಿದು ಅರ್ಕಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಸೇರುತ್ತದೆ. ಪೂರ್ವಕ್ಕೆ ಬಿದ್ದ ನೀರು ಕೋರಮಂಗಲ, ಚಲ್ಲಘಟ್ಟಗಳ ಕಣಿವೆಯಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಇಳಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಉತ್ತರದ ಹೆಬ್ಬಾಳ ಕಣಿವೆಯ ನೀರೂ ಕೊನೆಗೆ ಪಿನಾಕಿನಿಯನ್ನೇ ಸೇರುತ್ತದೆ. (ಇಲ್ಲಿ ಹೇಳಿದ ಚಲ್ಲಘಟ್ಟ ಊರಿನ ಪೂರ್ವದ್ದು, ಮೆಟ್ರೊ ಮಾರ್ಗದ ಕೊನೆಯಲ್ಲಿರುವುದು ಅದೇ ಹೆಸರಿನ ಬೇರೆ ಜಾಗ.) ಹೀಗೆ ದಿಬ್ಬದ ನೆತ್ತಿಯ ಮೇಲೆ ಅಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳು ಬೇರೆ ಬೇರೆ ನದಿಗಳನ್ನು ಹಿಡಿದು ತಮಿಳುನಾಡನ್ನು ದಾಟಿ, ಒಂದು ಪೂಂಪುಹಾರಿನ ಬಳಿ, ಇನ್ನೊಂದು ಕಡಲೂರಿನ ಬಳಿ ಸಮುದ್ರವನ್ನು ಕಾಣುತ್ತವೆ.

ನದಿಯಿಲ್ಲದ ಈ ಊರಿಗೆ ಹಿಂದಿನವರು ಕಣಿವೆಗಳಲ್ಲಿ ಸಾಲು ಸಾಲಾಗಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು ಕಾಲುವೆಯಲ್ಲಿ ಕೆಳಗಿನ ಕೆರೆಗೆ ನೀರು ಹರಿಯುತ್ತಿತ್ತು. ಆ ಕಾಲುವೆಗಳನ್ನೇ ನಾವು ಈಗ ರಾಜಕಾಲುವೆ ಎನ್ನುತ್ತೇವೆ. ಊರು ಬೆಳೆದಂತೆ ಕೆರೆಗಳು ಒಂದೊಂದಾಗಿ ಮಾಯವಾದುವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಯನ್ನು ಕಾಗದದ ಮೇಲೆ ಅಳಿಸಬಹುದು, ತಗ್ಗನ್ನು ಅಳಿಸಲಾಗುವುದಿಲ್ಲ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ 130 ಮಿಲಿಮೀಟರ್ ಮಳೆ ಬಿದ್ದರೆ ಆ ನೀರು 13 ಕೋಟಿ ಲೀಟರ್. ಹೊಲಗದ್ದೆಗಳಿದ್ದಾಗ ಅದರಲ್ಲಿ ಬಹುಭಾಗ ನೆಲಕ್ಕೆ ಇಂಗಿ, ಉಳಿದುದು ನಿಧಾನವಾಗಿ ಹರಿಯುತ್ತಿತ್ತು. ತಾರಸಿ, ಡಾಂಬರು, ಕಾಂಕ್ರೀಟುಗಳು ನೀರನ್ನು ಕುಡಿಯಲಾರವು. ಅದೇ ಮಳೆ ಈಗ ಹೆಚ್ಚು ಪ್ರಮಾಣದಲ್ಲಿ, ಕಡಮೆ ಹೊತ್ತಿನಲ್ಲಿ, ಕಿರಿದಾಗಿರುವ ಕಾಲುವೆಗೆ ನುಗ್ಗುತ್ತದೆ. ಮೇಲಿನ ಬಡಾವಣೆ ಬೆಳೆದಷ್ಟೂ ಕೆಳಗಿನ ಬಡಾವಣೆಗೆ ಅಪಾಯ ಹೆಚ್ಚು. ಕಳೆದ ಹತ್ತು ವರ್ಷ ನೀರು ನುಗ್ಗದಿದ್ದುದು ಮುಂದಿನ ಹತ್ತು ವರ್ಷಕ್ಕೆ ಭರವಸೆಯಲ್ಲ.

ಹಾಗಾದರೆ ಮನೆಯ ಎತ್ತರವನ್ನು ತಿಳಿಯುವುದು ಹೇಗೆ? ಭೂಗೋಳದ ಪಾಠದಲ್ಲಿ ಸಮೋನ್ನತಿ ರೇಖೆಗಳನ್ನು ಓದಿದ್ದೇವೆ; ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗಳು ಅವು. ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಪಟಗಳಲ್ಲಿ ಅವು ಕಂದು ಬಣ್ಣದಲ್ಲಿರುತ್ತವೆ. ಅವುಗಳಲ್ಲಿ ಕಣಿವೆ ಯಾವುದು, ಬೆನ್ನು ಯಾವುದು ಎಂದು ಗುರುತಿಸುವುದು ಕಷ್ಟವಲ್ಲ. ಹಳೆಯ ಭೂಪಟ ಸಿಕ್ಕಿದರೆ ಇನ್ನೂ ಒಳ್ಳೆಯದು. ಇಂದಿನ ಪಟದಲ್ಲಿ ಇಲ್ಲದ ಕೆರೆ ಅದರಲ್ಲಿ ನೀಲಿಯಾಗಿ ಕಾಣುತ್ತದೆ. ಜೇಬಿನಲ್ಲಿರುವ ಮೊಬೈಲು ತೋರಿಸುವ ಎತ್ತರವನ್ನು ಮಾತ್ರ ಹೆಚ್ಚಾಗಿ ನಂಬುವಂತಿಲ್ಲ. ಅದರಲ್ಲಿ ಹಲವು ಮೀಟರುಗಳ ತಪ್ಪು ಇರಬಹುದು, ಮನೆಗೆ ನೀರು ನುಗ್ಗಲು ಅರ್ಧ ಮೀಟರಿನ ವ್ಯತ್ಯಾಸ ಸಾಕು. ಅರ್ಧ ಮೀಟರನ್ನು ಅಳೆಯಲು ಗಾರೆ ಕೆಲಸದವರ ಉಪಾಯವೇ ಉತ್ತಮ. ಪಾರದರ್ಶಕವಾದ ಉದ್ದನೆಯ ಕೊಳವೆಯಲ್ಲಿ ನೀರು ತುಂಬಿ ಒಂದು ತುದಿಯನ್ನು ರಸ್ತೆಯ ನಡುವೆ, ಇನ್ನೊಂದನ್ನು ಹೊಸ್ತಿಲ ಬಳಿ ನೆಟ್ಟಗೆ ಹಿಡಿದರೆ, ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟದಿಂದ ಕೆಳಕ್ಕೆ ಅಳೆದರೆ ಹೊಸ್ತಿಲು ರಸ್ತೆಗಿಂತ ಮೇಲಿದೆಯೋ ಕೆಳಗಿದೆಯೋ ಗೊತ್ತಾಗುತ್ತದೆ. ಹಳೆಯ ಮನೆಗಳಲ್ಲಿ ಅದು ಕೆಳಗಿರುವುದು ಅಪೂರ್ವವೇನಲ್ಲ. ಮನೆ ತಗ್ಗಿತೆಂದಲ್ಲ, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿತು.

ಉಪಕರಣವೇ ಬೇಡವೆನ್ನುವವರು ಕಣ್ಣನ್ನು ಬಳಸಬಹುದು. ಕಾಂಪೌಂಡ್ ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಉದ್ದಕ್ಕೂ ಹಬ್ಬಿದ ಮಾಸಲು ಗೆರೆ, ವಿದ್ಯುತ್ ಮೀಟರನ್ನು ಕಿತ್ತು ಮೇಲಕ್ಕೆ ಏರಿಸಿದ ಗುರುತು, ನೆಲಮಾಳಿಗೆಯ ಬಾಗಿಲಿಗೆ ಅಡ್ಡಲಾಗಿ ಕಟ್ಟಿದ ಮೊಣಕಾಲೆತ್ತರದ ಕಟ್ಟೆ, ಇವು ಮಾಲಿಕರು ಹೇಳದ ಕಥೆಯನ್ನು ಹೇಳುತ್ತವೆ. ಊರ ಹೆಸರುಗಳೂ ಸುಮ್ಮನಿರುವುದಿಲ್ಲ. ಹೊಸಕೆರೆಹಳ್ಳಿ, ಅರಕೆರೆ, ಕೋಡಿಹಳ್ಳಿ ಎಂಬ ಹೆಸರುಗಳಲ್ಲಿ ನೀರಿದೆ. ಹೆಸರಿನಲ್ಲಿ ಕೆರೆಯಿದ್ದ ಮಾತ್ರಕ್ಕೆ ಅಲ್ಲಿನ ಎಲ್ಲ ಬೀದಿಗಳೂ ತಗ್ಗಿನಲ್ಲಿರುವುದಿಲ್ಲ, ನಿಜ. ಆದರೆ ಅಂಥ ಕಡೆ ಕೆರೆ ಎಲ್ಲಿತ್ತು, ಏರಿ ಎಲ್ಲಿತ್ತು, ಕೋಡಿಯ ನೀರು ಯಾವ ಕಡೆ ಹರಿಯುತ್ತಿತ್ತು ಎಂದು ಆ ಊರಿನ ಹಿರಿಯರೊಬ್ಬರನ್ನು ಕೇಳುವುದು ಮೇಲು.

ನಲ್ಲಿಯ ನೀರು

ಕಾವೇರಿಯ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಎಷ್ಟು ಶಕ್ತಿ ಬೇಕೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಕೂಡಲೆ ಲೆಕ್ಕ ಹಾಕಬಲ್ಲರು: 49 ಲಕ್ಷ ಜೂಲ್, ಅಂದರೆ ಹೆಚ್ಚುಕಡಮೆ 1.4 ಯೂನಿಟ್ ವಿದ್ಯುತ್ತು. ಪಂಪುಗಳ ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚು. ಇಷ್ಟು ಕಷ್ಟಪಟ್ಟು ಬರುವ ನೀರು ಹೊಸ ಬಡಾವಣೆಗಳಿಗೆ ತಡವಾಗಿ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಯೋಜನೆಯ ಐದನೆಯ ಹಂತ ಆರಂಭವಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಗೆಯಲ್ಲಿ ಅನೇಕ ಕೊಳವೆಬಾವಿಗಳು ಬತ್ತಿ ಜನ ಪರದಾಡಿದ್ದನ್ನು ಓದುಗರು ಮರೆತಿರಲಾರರು.

ಕೊಳವೆಬಾವಿಯನ್ನು ಎಷ್ಟು ನಂಬಬಹುದು? ಬೆಂಗಳೂರಿನ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆಗಳು. ಮರಳುನೆಲದಲ್ಲಿರುವಂತೆ ಇಲ್ಲಿ ನೀರು ಎಲ್ಲೆಡೆಯೂ ಹರಡಿಕೊಂಡಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿಯೂ ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ಇದೆ. ಬಿರುಕು ಸಿಕ್ಕಿದವನಿಗೆ ನೀರು. ಪಕ್ಕದ ಮನೆಯ ಬಾವಿ ತುಂಬಿದ್ದರೂ ನಮ್ಮದು ಒಣಗಿರಬಹುದು. ಆದುದರಿಂದ "ಈ ಏರಿಯಾದಲ್ಲಿ ನೀರಿಗೆ ತೊಂದರೆಯಿಲ್ಲ" ಎಂಬ ಮಾತಿಗೆ ಅರ್ಥ ಕಡಮೆ. ಈ ಕಟ್ಟಡಕ್ಕೆ ನದಿಯ ನೀರಿನ ಸಂಪರ್ಕವಿದೆಯೆ, ವಾರದಲ್ಲಿ ಎಷ್ಟು ದಿನ ಬರುತ್ತದೆ, ಕಳೆದ ಮಾರ್ಚ್ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ ಎಂದು ಕೇಳಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಅಳತೆಯಂತೆ ನಾಲ್ವರ ಸಂಸಾರಕ್ಕೆ 540 ಲೀಟರ್ ಬೇಕು. 6,000 ಲೀಟರಿನ ಒಂದು ಟ್ಯಾಂಕರ್ 11 ದಿನಗಳಿಗೆ ಬರುತ್ತದೆ. ಬಾಡಿಗೆಯ ಜೊತೆಗೆ ತಿಂಗಳಿಗೆ ಸುಮಾರು ಮೂರು ಟ್ಯಾಂಕರಿನ ಬೆಲೆಯನ್ನು ಕೂಡಿಸಿ ನೋಡಿದರೆ, ಅಗ್ಗದ ಮನೆ ಅಗ್ಗವಾಗಿಯೇ ಉಳಿಯುವುದೋ ಇಲ್ಲವೋ ತಿಳಿಯುತ್ತದೆ. ನೀರು ಗಡುಸೋ ಮೆದುವೋ ಎಂಬುದನ್ನು ಬಾಟಲಿಯಲ್ಲಿ ಸ್ವಲ್ಪ ಹಿಡಿದು ಸಾಬೂನಿನ ಚೂರನ್ನು ಹಾಕಿ ಅಲ್ಲಾಡಿಸಿ ನೋಡಬಹುದು. ನೊರೆ ಏಳದೆ ಬಿಳಿಯ ಗಷ್ಟು ಕಂಡರೆ ಗಡುಸು.

ಗಾಳಿಯ ವಿಚಾರ ಇಷ್ಟು ಸುಲಭವಲ್ಲ. ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿ ಹೊಗೆ ಬಹುಪಾಲು ಪೂರ್ವದ ಕಡೆಗೆ ತೇಲುತ್ತಿದ್ದುದರಿಂದ ಉಳ್ಳವರು ಪಶ್ಚಿಮದಲ್ಲಿ ನೆಲಸಿದರೆಂದು ಹೇಳುವುದುಂಟು. ಬೆಂಗಳೂರಿಗೆ ಈ ಸೂತ್ರ ಒಗ್ಗುವುದಿಲ್ಲ, ಏಕೆಂದರೆ ಮುಂಗಾರಿನಲ್ಲಿ ಗಾಳಿ ಪಶ್ಚಿಮ ನೈಋತ್ಯಗಳಿಂದಲೂ ಚಳಿಗಾಲದಲ್ಲಿ ಪೂರ್ವ ಈಶಾನ್ಯಗಳಿಂದಲೂ ಬೀಸುತ್ತದೆ. ದಿಕ್ಕಿಗಿಂತ ಇಲ್ಲಿ ಮುಖ್ಯವಾದುದು ದೊಡ್ಡ ರಸ್ತೆಯಿಂದ ಮನೆ ಎಷ್ಟು ದೂರ ಎಂಬುದು. ಎರಡು ಬೀದಿ ಒಳಗಿದ್ದರೆ ಸದ್ದೂ ಹೊಗೆಯೂ ಬಹಳ ತಗ್ಗುತ್ತವೆ. ದಿಕ್ಕಿನಿಂದ ಒಂದು ಸಣ್ಣ ಅನುಕೂಲ ಮಾತ್ರ ಉಂಟು, ಅದೂ ಸ್ಕೂಟರಿನಲ್ಲಿ ಹೋಗುವವರಿಗೆ: ಮನೆ ಪೂರ್ವಕ್ಕೂ ಕೆಲಸ ಪಶ್ಚಿಮಕ್ಕೂ ಇದ್ದರೆ ಬೆಳಿಗ್ಗೆಯೂ ಸಂಜೆಯೂ ಸೂರ್ಯ ಬೆನ್ನಿಗೇ ಇರುತ್ತಾನೆ.

ಕೊನೆಯದಾಗಿ, ಮನೆ ನೋಡುವ ಕಾಲದ ವಿಷಯ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಹುಡುಕುವವನಿಗೆ ನೀರಿನ ಕೊರತೆ ಕಣ್ಣಿಗೆ ಕಾಣುತ್ತದೆ, ರಾಜಕಾಲುವೆ ಮಾತ್ರ ಒಣಗಿದ ಹಳ್ಳದಂತೆ ಸಾಧುವಾಗಿ ಬಿದ್ದಿರುತ್ತದೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹುಡುಕುವವನಿಗೆ ತಗ್ಗು ಕಾಣುತ್ತದೆ, ಆಗ ಕೊಳವೆಬಾವಿಗಳಲ್ಲಿ ನೀರಿರುತ್ತದೆ. ಬೇಸಗೆಯಲ್ಲಿ ಹೋದವರು ಎದುರು ಮನೆಯವರನ್ನು ಮಳೆಯ ವಿಷಯವಾಗಿಯೂ, ಮಳೆಗಾಲದಲ್ಲಿ ಹೋದವರು ಬೇಸಗೆಯ ವಿಷಯವಾಗಿಯೂ ವಿಚಾರಿಸತಕ್ಕದ್ದು. ಎದುರು ಮನೆಯವರು ಬಾಡಿಗೆಗೆ ಇರುವವರಾದರೆ ಉತ್ತರ ಇನ್ನೂ ನೇರವಾಗಿ ಬರುತ್ತದೆ.